ಜಾಗ ಇರುವ ಕೋಣೆ

ಜಯಲಕ್ಷ್ಮಿಪುರಂನ ನಮ್ಮ ಮನೆಯ ಕೆಳಗಿನ ಕೋಣೆಯನ್ನು ನಾನು ಖಾಲಿ ಮಾಡಿದ್ದು ನನ್ನ ಮಂಡಿಗಾಗಿ. ಮಲಗುವ ಕೋಣೆ ಮಹಡಿಯಲ್ಲಿದೆ, ಹದಿನೇಳು ಮೆಟ್ಟಿಲು. ಹತ್ತಿಳಿಯುವುದನ್ನು ಆದಷ್ಟು ಬಿಡಿ ಎಂದು ವೈದ್ಯರು ಹೇಳಿದ ಮೇಲೆ, ಮಂಚವನ್ನು ಕೆಳಗೆ ಹಾಕಿಸಿಕೊಳ್ಳೋಣ ಎಂದುಕೊಂಡೆ.

ಆ ಕೋಣೆಯಲ್ಲಿ ಇಪ್ಪತ್ತೈದು ವರ್ಷದ ಸಂಸಾರ ತುಂಬಿತ್ತು. ದಿನಾ ಅನ್ನಕ್ಕೆ ಕುಕ್ಕರ್ ಇಟ್ಟು ಒಂದೊಂದೇ ಮೂಲೆ ಬಿಡಿಸಿದೆ. ಮದುವೆ ಮುಂಜಿಗಳಲ್ಲಿ ಬಂದ ಸ್ಟೀಲ್ ಡಬ್ಬಿ, ಹೊಲಿಸದೆ ಉಳಿದ ರವಿಕೆ ಕಣ, ಮುಚ್ಚಳ ಕಳೆದುಹೋದ ಫ್ಲಾಸ್ಕು, ಯಾವುದರ ಬಗ್ಗೆಯೂ ಮತ್ತೆ ಯೋಚಿಸಲು ಹೋಗಲಿಲ್ಲ. ಬೇಕೆಂದವರಿಗೆ ಕೊಟ್ಟೆ. ದಸರಾ ಗೊಂಬೆಗಳಲ್ಲಿ ಪಟ್ಟದ ಗೊಂಬೆ ಜೋಡಿಯೊಂದನ್ನು ಉಳಿಸಿಕೊಂಡು, ಮಿಕ್ಕವನ್ನು ಸಿದ್ಧಾರ್ಥನಗರದಲ್ಲಿರುವ ನಾದಿನಿಗೆ ಕೊಟ್ಟೆ. ಅವಳು ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುವವಳು, ಸಂತೋಷವಾಗಿಯೇ ಒಯ್ದಳು.

ಇದಕ್ಕೆಲ್ಲ ಮೂರು ತಿಂಗಳು ಹಿಡಿಯಿತು. ಕೊನೆಗೆ ಉಳಿದದ್ದು ಒಂದು ಕುರ್ಚಿ. ನೆಲ ಒರೆಸಿ, ಕಿಟಕಿ ತೆಗೆದು, ಅದರಲ್ಲೇ ಕೂತು ಕಾಫಿ ಕುಡಿದೆ. ಮಂಚ ಬಿಚ್ಚಿ ಇಳಿಸಲು ಬಡಗಿ ಭಾನುವಾರ ಬರುವುದಾಗಿ ಹೇಳಿದ್ದ.

ಶುಕ್ರವಾರ ನಾದಿನಿ ಬಂದಳು. ಅವಳ ಮನೆಯಲ್ಲಿ ಹೊಸ ಟೈಲ್ಸ್ ಹಾಕಿಸುವ ಕೆಲಸ ಶುರುವಾಗಿತ್ತು. ಬಾಗಿಲಲ್ಲಿ ನಿಂತು ಕೋಣೆಯನ್ನು ಅಳೆಯುವ ಹಾಗೆ ನೋಡಿದಳು.

“ಅತ್ತಿಗೆ, ಎಷ್ಟ್ ಚೆನ್ನಾಗ್ ಮಾಡ್ಕೊಂಡಿದೀರಿ. ನಮ್ದೊಂದ್ನಾಲ್ಕು ಸಾಮಾನು ಇಲ್ಲಿಡ್ಲಾ? ಹದಿನೈದೇ ದಿನ ಕಣ್ರೀ.”

“ಭಾನುವಾರ ಮಂಚ ಇಳಿಸ್ತಿದೀವಮ್ಮ,” ಎಂದೆ.

“ಮಂಚ ಎಲ್ಲಿಗೆ ಓಡೋಗುತ್ತೆ? ಇನ್ನೊಂದ್ ಭಾನುವಾರ ಇಳ್ಸಿದ್ರಾಯ್ತು. ಅಣ್ಣಾ, ನೀನೇ ಹೇಳು.”

ನನ್ನ ಯಜಮಾನರು ಹಜಾರದಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದರು. “ಜಾಗ ಇದೆಯಲ್ಲ, ಇಟ್ಕೊಳ್ಳಲಿ ಬುಡು,” ಎಂದರು.

ಆ ಒಂದ್ನಾಲ್ಕು ಸಾಮಾನು ಲಗೇಜ್ ಆಟೋದಲ್ಲಿ ಎರಡು ಸಲ ಬಂತು. ಗೊಂಬೆ ಕೂರಿಸುವ ಕಬ್ಬಿಣದ ಮೆಟ್ಟಿಲು, ಎರಡು ಡ್ರಮ್ಮು, ಹಳೆಯ ಟೀವಿ, ಹೊಸ ಟೀವಿಯ ಖಾಲಿ ಪೆಟ್ಟಿಗೆ, ಒಂದು ದೊಡ್ಡ ಟ್ರಂಕು. ಟ್ರಂಕಿನ ಮುಚ್ಚಳ ಎತ್ತಿದರೆ ಮೇಲೆ ಹಳೇ ಪಂಚೆಯ ತುಂಡುಗಳಲ್ಲಿ ಸುತ್ತಿದ ನನ್ನ ಗೊಂಬೆಗಳೇ. ನಾನು ಹಾಕಿದ ಗಂಟನ್ನು ಅವಳು ಬಿಚ್ಚಿಯೂ ಇರಲಿಲ್ಲ.

ಹದಿನೈದು ದಿನ ಹೋಗಿ ಎರಡು ತಿಂಗಳಾಯಿತು. ಟೈಲ್ಸ್ ಮುಗಿದು ಪೇಂಟು, ಪೇಂಟು ಮುಗಿದು ಕಪಾಟು. ಅಷ್ಟರಲ್ಲಿ ಕೆಸರೆಯಲ್ಲಿರುವ ನನ್ನ ತಮ್ಮ, ಉಪಯೋಗಿಸದ ಸೈಕಲ್ಲೊಂದನ್ನು ತಂದು ಒರಗಿಸಿ ಹೋದ. ನಾದಿನಿಯದನ್ನು ಇಟ್ಟುಕೊಂಡು ತಮ್ಮನದನ್ನು ಹೇಗೆ ಬೇಡವೆನ್ನಲಿ? ನಾನು ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಲೇ ಇದ್ದೆ. ಒಂದು ದಿನ ತಡೆಯಲಾರದೆ ನಾದಿನಿಗೆ ಫೋನು ಮಾಡಿದೆ.

“ಮಂಡಿ ಊದ್ಕೊಂಡಿದೆ ಕಣಮ್ಮ. ನಿನ್ನ ಸಾಮಾನು ಯಾವಾಗ ತಗೊಂಡೋಗ್ತೀಯ?”

“ಅಲ್ಲಾ ಅತ್ತಿಗೆ, ನಿಮಗೆ ಸಾಮಾನೇ ಬೇಡ ಅಂತ ಖಾಲಿ ಮಾಡಿದ್ ರೂಮಲ್ವಾ ಅದು? ಇಟ್ರೆ ನಿಮಗೇನ್ ತೊಂದ್ರೆ?”

ಸಾಮಾನು ಬೇಡವೆಂದವಳಿಗೆ ಜಾಗವೂ ಬೇಡ ಎಂದು ಅವಳು ನಿಜವಾಗಿಯೂ ತಿಳಿದಿದ್ದಳು. ನಾನು ಅಷ್ಟೆಲ್ಲ ಕೊಟ್ಟದ್ದೇ ಜಾಗಕ್ಕಾಗಿ ಎಂದು ಹೇಳುವಷ್ಟರಲ್ಲಿ ಕಪಾಟು ಮಾಡುವವನು ಕರೆದನೆಂದು ಫೋನು ಇಟ್ಟಳು.

ನಾನು ಬಡಗಿಯನ್ನು ಕರೆಸಿಯೇಬಿಟ್ಟೆ. ಡ್ರಮ್ಮುಗಳು ತಲೆಯ ಕಡೆ, ಸೈಕಲ್ಲು ಕಾಲಿನ ಕಡೆ, ಟ್ರಂಕು ಮಂಚದ ಕೆಳಗೆ. “ನೋಡು, ಎಲ್ಲಾ ಹಿಡೀತು. ಸುಮ್ನೆ ಕೂಗಾಡ್ತಿದ್ದೆ,” ಎಂದರು ಯಜಮಾನರು. ಎರಡು ತಿಂಗಳಲ್ಲಿ ನಾನು ಒಮ್ಮೆಯೂ ದನಿ ಎತ್ತಿರಲಿಲ್ಲ.

ಈಗ ಮೆಟ್ಟಿಲು ಹತ್ತುವುದು ತಪ್ಪಿದೆ, ನಿಜ. ಆದರೆ ವಾರಕ್ಕೆರಡು ಸಲ ನಾದಿನಿಯ ಫೋನು. “ಅತ್ತಿಗೆ, ಟ್ರಂಕಲ್ಲಿ ಕೆಳಗಡೆ ಹಿತ್ತಾಳೆ ದೀಪ ಇದೆ, ತೆಗ್ದಿಟ್ಟಿರ್ತೀರಾ?” ನಾನು ನೆಲಕ್ಕೆ ಮಂಡಿಯೂರಿ ಟ್ರಂಕು ಎಳೆಯಬೇಕು. ಏಳುವಾಗ ಮಂಚದ ಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಇರಬೇಕು.

ನಿನ್ನೆ ಎಳೆದ ಟ್ರಂಕನ್ನು ಒಳಗೆ ತಳ್ಳಲಿಲ್ಲ. ಮಂಚಕ್ಕೂ ಬಾಗಿಲಿಗೂ ನಡುವೆ ಬಿಟ್ಟೆ. ಇವತ್ತು ಬೆಳಿಗ್ಗೆ ಯಜಮಾನರು ಎರಡು ಸಲ ಎಡವಿದರು. ಎರಡನೆಯ ಸಲ ಕಾಲ್ಬೆರಳು ಹಿಡಿದುಕೊಂಡೇ ತಂಗಿಗೆ ಫೋನು ಮಾಡಿ, ಇದನ್ನೆಲ್ಲ ಯಾವತ್ತು ತಗೊಂಡೋಗ್ತೀಯ ಎಂದು ಮೊದಲ ಸಲ ಕೇಳಿದರು. ನಾನು ಒಗ್ಗರಣೆಯ ಉರಿ ಸಣ್ಣ ಮಾಡಿ ಕಿವಿಗೊಟ್ಟೆ. ಆ ಕಡೆಯಿಂದ ನಾದಿನಿ ಬಹಳ ಹೊತ್ತು ಏನೋ ಹೇಳುತ್ತಿದ್ದಳು.

“ಸರಿ, ಮುಂದಿನ ದಸರಾಕ್ಕೇ ತಗೊಂಡೋಗು, ಹಂಗೇ ಮಾಡು ಬುಡು,” ಎಂದು ಫೋನು ಇಟ್ಟರು.