ಕಾಗೆ ಎತ್ಕೊಂಡು ಹೋದ ಚಮಚ

ನಮ್ಮ ಅತ್ತಿಗೆಗೆ ಅಣ್ಣ ಇಟ್ಟಿದ್ದ ಹೆಸರು ರೇಡಿಯೊ. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದರೆ ದೀಪ ಆರಿಸುವವರೆಗೂ ಒಂದೇ ಸಮನೆ ಮಾತು. ಹಾಲು ಉಕ್ಕಿದರೆ ಒಲೆಗೆ ಬೈಗುಳ, ಕೆನೆ ಕಟ್ಟದಿದ್ದರೆ ಹಾಲಿನವನಿಗೆ. "ಸ್ವಲ್ಪ ಸೌಂಡ್ ಕಮ್ಮಿ ಮಾಡೇ" ಅಂತ ಅಣ್ಣ ಗಾಳಿಯಲ್ಲೇ ಬಿರಡೆ ತಿರುಗಿಸುತ್ತಿದ್ದ. ನನಗೂ ಅವಳಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಅದಕ್ಕೇ ಅತ್ತಿಗೆ ಆದರೂ ನಮ್ಮಿಬ್ಬರದು ಏಕವಚನವೇ.

ಆ ರೇಡಿಯೊದಲ್ಲಿ ದಿನಾ ತಪ್ಪದೆ ಬರುತ್ತಿದ್ದ ಕಾರ್ಯಕ್ರಮ ಚಮಚದ್ದು. ತವರಿನಿಂದ ತಂದ ಚಮಚಗಳಲ್ಲಿ ಒಂದು ಯಾವ ಕಾಲದಲ್ಲೋ ಮಾಯವಾಗಿತ್ತು. ಡಬ್ಬಿ ಮುಚ್ಚಳ ಮೀಟಲು ಹೋಗಿ ಅದರ ತುದಿ ಮುಕ್ಕು ಮಾಡಿದ್ದು ಅವಳೇ, ಆದರೂ ಅವಳಿಗೆ ಅದೇ ಬೇಕು. "ಕಾಗೆ ಎತ್ಕೊಂಡು ಹೋಗಿರಬೇಕು" ಅನ್ನುತ್ತಿದ್ದ ಅಣ್ಣ, ನಗು ತಡೆದುಕೊಂಡು. ಆಮೇಲೆ ಕಾಂಪೌಂಡಿನ ಮೇಲೆ ಕಾಗೆ ಕೂತರೆ ಅದಕ್ಕೂ ಬೀಳುತ್ತಿತ್ತು ಪೂಜೆ.

ಅಣ್ಣ ಹೋದ ದಿನ ರೇಡಿಯೊ ನಿಂತಿತು. ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಅತ್ತಿಗೆ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು. ಅವನ ಅಂಗಿಗಳನ್ನು ಕೇಳಿದವರಿಗೆ ಕೊಟ್ಟಳು, ಸೈಕಲ್ಲೂ ಕೊಟ್ಟಳು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನು ಬಂದು ಕೆಲಸದ ಚೀಲ ಕೇಳಿದಾಗ, ಒಳಗೇನಿದೆ ಅಂತಲೂ ನೋಡದೆ ಎತ್ತಿ ಕೊಟ್ಟಳು. ಊಟ ಮಾಡು ಅಂದರೆ ಮಾಡುತ್ತಾಳೆ, ಮಲಗು ಅಂದರೆ ಮಲಗುತ್ತಾಳೆ. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಸುಮ್ಮನೆ ನಿಂತು ನೋಡುತ್ತಾಳೆ.

ಸುಳ್ಳು ಯಾಕೆ ಹೇಳಲಿ, ನನಗೂ ಏನೂ ಅನ್ನಿಸುತ್ತಿರಲಿಲ್ಲ. ಒಡಹುಟ್ಟಿದವನು ಹೋಗಿದ್ದಾನೆ, ನನಗೆ ಎದೆಯೆಲ್ಲ ಜೋಮು ಹಿಡಿದಂತಿತ್ತು, ಅಷ್ಟೇ. ಆದರೆ ಆ ಮನೆಯ ಮೌನ ಮಾತ್ರ ತಡೆಯೋಕೆ ಆಗುತ್ತಿರಲಿಲ್ಲ. ಇವಳು ಒಂದು ಸಲ ಬೈಯಲಿ, ಯಾರನ್ನಾದರೂ ಸರಿ, ನನ್ನನ್ನೇ ಬೈಯಲಿ ಅಂತ ಕಾಯುತ್ತಿದ್ದೆ. ಬೇಕಂತಲೇ ಅವಳಿಗೆ ಇಷ್ಟವಾದ ಗಾಜಿನ ಲೋಟ ಒಡೆದೆ. ಚೂರು ಆಯ್ದು ಹೊರಗೆ ಹಾಕಿ ಬಂದು ಕೂತಳು. ಅವತ್ತು ನನಗೆ ನಿಜಕ್ಕೂ ಭಯವಾಯಿತು.

ಅಣ್ಣ ಜೀವಮಾನವಿಡೀ ದುಡಿದದ್ದು ಪಕ್ಕದ ಹಳೇ ಪಟ್ಟಣದಲ್ಲಿ. ರಾಜರ ಕಾಲದ ಕೋಟೆ, ಅರಮನೆ, ಎಲ್ಲೆಲ್ಲಿಂದಲೋ ಜನ ಬಂದು ನೋಡುವ ಜಾಗ. ಅಲ್ಲಿ ಬಿರುಕು ಬಿಟ್ಟ ಗೋಡೆಗಳಿಗೆ ಗಾರೆ ತುಂಬುವುದು ಅವನ ಕೆಲಸ. ಅತ್ತಿಗೆ ಒಂದು ದಿನವೂ ಅತ್ತ ತಲೆ ಹಾಕಿರಲಿಲ್ಲ. "ಮನೇಲಿ ಬಚ್ಚಲು ಗೋಡೆ ಉದುರ್ತಾ ಇದೆ, ಅದಕ್ಕೆ ಪುರುಸೊತ್ತಿಲ್ಲ. ಸತ್ತ ರಾಜನ ಮನೆ ರಿಪೇರಿ ಮಾಡ್ತಾರಂತೆ!" ಅನ್ನುತ್ತಿದ್ದಳು.

"ನಡಿ, ನೋಡಿ ಬರೋಣ" ಅಂದೆ.

"ಹೂಂ" ಅಂದಳು. ಬರಲ್ಲ ಹೋಗೇ ಅಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬಸ್ಸು ಕೋಟೆ ಬಾಗಿಲೊಳಗೇ ನುಗ್ಗಿತು. ಒಂದು ಕಾಲಕ್ಕೆ ಆನೆ ಹೋಗುತ್ತಿದ್ದ ಬಾಗಿಲಂತೆ. ಈಗ ಎದುರಿಗೊಂದು ಲಾರಿ ಬಂದು ಇಬ್ಬರು ಡ್ರೈವರುಗಳೂ ನೀನು ಹಿಂದೆ ತಗೋ, ನೀನು ತಗೋ ಅಂತ ಕಿತ್ತಾಡಿದರು. ಕಾವಲುಗಾರ ನಿಲ್ಲುತ್ತಿದ್ದ ಗೂಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕೆತ್ತನೆಯ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಯಾರೋ ಮಗುವಿನ ಬಟ್ಟೆ ಒಣಹಾಕಿದ್ದರು. ಅತ್ತಿಗೆ ಕಿಟಕಿ ಪಕ್ಕ ಕೂತು ಮುಂದಿನ ಸೀಟಿನ ಬೆನ್ನು ನೋಡುತ್ತಿದ್ದಳು.

ಅರಮನೆಯೊಳಗೆ ಒಬ್ಬ ಗೈಡು ಗುಂಪು ಕಟ್ಟಿಕೊಂಡು ಹೊರಟಿದ್ದ. ನಾವೂ ಹಿಂದೆ ಸೇರಿಕೊಂಡೆವು. ಒಂದು ಗೋಡೆಯ ಮುಂದೆ ನಿಂತು ಅವನು ದನಿ ತಗ್ಗಿಸಿದ.

"ಕಲ್ಲಿನ ಸಂದಿಯಲ್ಲಿ ಅಲ್ಲಲ್ಲಿ ಅರ್ಧಚಂದ್ರ ಇದೆ, ನೋಡಿ. ಇದು ಪಟ್ಟದ ರಾಣಿಯ ಮುದ್ರೆ. ಸಾವಿರ ವರ್ಷದ್ದು! ಚಂದ್ರನ ಅಂಚಿನಲ್ಲಿ ಒಂದು ಮುಕ್ಕು ಕಾಣ್ತಾ? ಗ್ರಹಣದ ಗುರುತು ಅಂತಾರೆ."

ಎಲ್ಲರೂ ಆಹಾ ಅಂದು ಫೋಟೊ ತೆಗೆದುಕೊಂಡರು. ಅತ್ತಿಗೆ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಮುಟ್ಟಬೇಡಿ ಅಮ್ಮಾ" ಅಂದ ಗೈಡು. ಇವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಗುಂಪು ಮುಂದೆ ಹೋಯಿತು, ಇವಳು ಕದಲಲಿಲ್ಲ.

"ಇದು ನನ್ನ ಚಮಚ ಕಣೇ."

ನನಗೆ ಒಂದು ಕ್ಷಣ ಇವಳ ತಲೆ ಕೆಟ್ಟಿತು ಅನ್ನಿಸಿತು. ಆಮೇಲೆ ನಾನೂ ಬಗ್ಗಿದೆ. ಚಮಚದ ಬೆನ್ನು ಒತ್ತಿದ ಗುರುತು, ತುದಿಯಲ್ಲಿ ಅದೇ ಮುಕ್ಕು! ನಮ್ಮಣ್ಣನ ಕಾಗೆ ಇಷ್ಟು ದೂರ ಹಾರಿ ಬಂದಿತ್ತು.

"ಏನ್ ರಾಣಿಯೋರೇ, ಗ್ರಹಣ ಬಿಡ್ತಾ?" ಅಂದೆ. ನಗಲಿಲ್ಲ. "ನನಗದು ಬೇಕು" ಅಂದಳು. ಅಣ್ಣ ಹೋದ ಮೇಲೆ ಅವಳು ಬೇಕು ಅಂದದ್ದು ಅದೇ ಮೊದಲು.

ಅಣ್ಣನ ಕೆಲಸದ ಚೀಲ ತೆಗೆದುಕೊಂಡು ಹೋದವನು ಸಿಕ್ಕಿದ್ದು ಅರಮನೆಯ ಹಿಂಭಾಗದಲ್ಲಿ. ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದೇ ಚಮಚದಲ್ಲಿ ಸಂದಿಗೆ ಗಾರೆ ತುಂಬುತ್ತಿದ್ದ. ನಮ್ಮನ್ನು ಕಂಡವನೇ ಎದ್ದು, ಅದನ್ನು ಪ್ಯಾಂಟಿಗೆ ಒರೆಸಿ ಚಾಚಿದ.

"ತಗೊಳ್ಳಿ ಅಕ್ಕಾ, ನಿಮ್ಮದೇ. ಸಣ್ಣ ಸಂದಿಗೆ ಇದೇ ಆಗಬೇಕು ಅಂತ ಅಣ್ಣ ತಂದಿದ್ರು. ಕೆಲಸ ಮುಗಿದ ಮೇಲೆ ಇದರ ಬೆನ್ನಿಂದ ಒಂದು ಒತ್ತು ಒತ್ತೋರು. ಪಾಪ, ಅಕ್ಕ ಹುಡುಕ್ತಾರೆ, ವಾಪಸ್ ಇಟ್ಟುಬಿಡಿ ಅಂತ ಎಷ್ಟೋ ಸಲ ಹೇಳಿದ್ದೆ."

"ಏನಂದ್ರು?" ಅಂದಳು ಅತ್ತಿಗೆ.

ಅವನು ನನ್ನ ಮುಖ ನೋಡಿದ, ಹೇಳಲೋ ಬೇಡವೋ ಅನ್ನುವ ಹಾಗೆ. "'ಕೊಟ್ಟುಬಿಟ್ಟರೆ ಆಮೇಲೆ ಯಾವುದಕ್ಕೆ ಬೈತಾಳಯ್ಯಾ? ಮನೆ ಬಿಕೋ ಅನ್ನುತ್ತೆ' ಅಂತಿದ್ರು."

ಅತ್ತಿಗೆ ಚಮಚ ತಿರುಗಿಸಿ ನೋಡಿದಳು. ಹಸಿ ಗಾರೆ ಬೆರಳಿಗೆ ಮೆತ್ತಿತು. ಆಮೇಲೆ ಗೋಡೆಯ ಕಡೆ ತಿರುಗಿದಳು.

"ರೀ" ಅಂದಳು. ಕೆಮ್ಮಿ ಮತ್ತೆ ಕರೆದಳು. "ರೀ! ಕಾಗೆ ಅಂದ್ರಲ್ಲಾ, ನಾಚಿಕೆ ಆಗಲಿಲ್ವಾ ನಿಮಗೆ? ಕೇಳಿದ್ರೆ ನಾನು ಕೊಡ್ತಿರಲಿಲ್ವಾ? ಊರಿನ ಕಾಗೆಗೆಲ್ಲ ಬೈದೆನಲ್ರೀ ನಾನು! ಚಪ್ಪಲಿ ಹಾಕ್ಕೊಳ್ತೀನಿ ಅಂತ ಬಗ್ಗಿದೋರು ಹಾಗೇ ಹೋಗೋದಾ? ಹೇಳೋದಿಲ್ಲ, ಕೇಳೋದಿಲ್ಲ, ಬಚ್ಚಲು ಗೋಡೆ ಹಾಗೇ ಇದೆ, ಯಾರ್ರೀ ಮಾಡ್ತಾರೆ ಅದನ್ನ?"

ದನಿ ಏರುತ್ತಾ ಹೋಯಿತು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗಾರೆ ಬಳಿದುಕೊಂಡಳು. ಫೋಟೊ ತೆಗೆಯುತ್ತಿದ್ದವರು ತಿರುಗಿ ನೋಡಿದರು. ಜೊತೆಗಾರ ಗಾಬರಿಯಾಗಿ ಸುಮ್ಮನಿರಿಸಲು ಹೊರಟ. ನಾನು ಅವನ ತೋಳು ಹಿಡಿದುಕೊಂಡೆ. "ಬಿಡಿ, ಬೈಯಲಿ" ಅಂದೆ. ನನಗೂ ಆಗಲೇ ಅಳು ಬಂದದ್ದು. ಸೌಂಡ್ ಕಮ್ಮಿ ಮಾಡೇ ಅನ್ನೋಕೆ ಅಲ್ಲಿ ಯಾರೂ ಇರಲಿಲ್ಲ.