ಬಿಸಿಲಿಗೆ ಎರಡು ಕೊಂಡಿ

ಹತ್ತೊಂಬತ್ತು ನೂರಾ ತೊಂಬತ್ನಾಲ್ಕರಲ್ಲಿ ನಾನು ಏಳನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟೆ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಅಪ್ಪ ಗೌಂಡಿ, ಗೋಡೆ ಕಟ್ಟುವವ. ಅವನ ಹಿಂದೆ ಬುಟ್ಟಿ ಹೊತ್ತೆ, ಆಮೇಲೆ ಗಾರೆ ಹಚ್ಚುವ ಥಾಪಿ ಹಿಡಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನಲ್ಲಿ ನಾನು ಎಬ್ಬಿಸಿದ ಗೋಡೆಗಳಿವೆ. ಒಂದೂ ಓಳಂಬ ತಪ್ಪಿಲ್ಲ. ಬೇಕಾದವರು ಹೋಗಿ ಗುಂಡು ಕಟ್ಟಿದ ದಾರ ಬಿಟ್ಟು ನೋಡಲಿ.

ನನ್ನ ಸಿಟ್ಟು ಬೇರೆಯದು. ಅದು ಬಟ್ಟೆ ಒಣಹಾಕುವ ಹಗ್ಗದ್ದು. ಕೇಳಿದವರು ನಗುತ್ತಾರೆ. ನಗಲಿ.

ನಮ್ಮ ಕಡೆ ಗಂಡಸರು ಒಣಹಾಕಿದ ಸೀರೆಯ ಕೆಳಗೆ ಹಾಯುವುದಿಲ್ಲ. ಹಾಯ್ದರೆ ಏನಾಗುತ್ತದೆಂದು ಇವತ್ತಿನವರೆಗೆ ಯಾರೂ ಹೇಳಿಲ್ಲ. ಹತ್ತಿಮತ್ತೂರಿನ ನಮ್ಮ ಮನೆಯ ಅಂಗಳದಲ್ಲಿ ಬೇವಿನ ಗಿಡದಿಂದ ಗೋಡೆಯ ಗೂಟದವರೆಗೆ ಹಗ್ಗ ಕಟ್ಟಿತ್ತು. ಅಪ್ಪನ ಧೋತರ, ಕಾಕಾನ ಅಂಗಿ, ನನ್ನ ಚಡ್ಡಿ ಅದರ ಮೇಲೆ ಬಿಸಿಲು ಕಾಯಿಸುತ್ತಿದ್ದವು. ಅವನ್ನೆಲ್ಲ ಹಳ್ಳಕ್ಕೆ ಹೊತ್ತುಕೊಂಡು ಹೋಗಿ ಒಗೆದು ತಂದವಳು ಅಕ್ಕ. ಅವಳ ಸೀರೆ, ಲಂಗ ಮಾತ್ರ ದನದ ಕೊಟ್ಟಿಗೆಯ ಹಿಂದೆ, ಗೋಡೆಗೂ ಬಣವೆಗೂ ನಡುವಿನ ಸಂದಿಯಲ್ಲಿ. ತಿಂಗಳ ಬಟ್ಟೆಯ ಮೇಲಂತೂ ಗೋಣಿತಾಟು ಹೊದಿಸುತ್ತಿದ್ದಳು.

ನಾನು ಸಾಲಿ ಬಿಟ್ಟ ವರ್ಷದ ಮಳೆಗಾಲ. ನಾಲ್ಕು ದಿನ ಜಿಟಿಜಿಟಿ ಹಿಡಿದದ್ದು ಬಿಟ್ಟು ಬಿಸಿಲು ಬಿತ್ತು. ಅಕ್ಕ ಧೈರ್ಯ ಮಾಡಿ ತನ್ನ ಲಂಗವನ್ನು ಅಂಗಳದ ಹಗ್ಗಕ್ಕೆ ಹಾಕಿದಳು. ಕೆಲಸದಿಂದ ಬಂದ ನನ್ನ ಜೊತೆ ಒಬ್ಬ ಗೆಳೆಯನಿದ್ದ. ಅಕ್ಕನ ಲಂಗದ ಕೆಳಗೆ ಹಾಯ್ತೀಯೇನಲೇ ಎಂದು ನಕ್ಕ. ನಾನು ಗಂಡಸಾಗಬೇಕಾಗಿತ್ತು. ಕೋಲು ತಗೊಂಡು ಲಂಗವನ್ನು ಎಳೆದು ಕೆಸರಿಗೆ ಹಾಕಿದೆ. ಅಕ್ಕ ಅದನ್ನು ಎತ್ತಿಕೊಂಡು ಹೋಗಿ ಇನ್ನೊಮ್ಮೆ ಒಗೆದಳು, ಕೊಟ್ಟಿಗೆಯ ಹಿಂದೆ ಹಾಕಿದಳು.

ಆ ಮಳೆಗಾಲ ಮುಗಿಯುವುದರೊಳಗೆ ಅವಳ ತೊಡೆಯೆಲ್ಲ ಹುಣ್ಣಾಗಿ ನಡೆಯಲಿಕ್ಕೆ ಬಾರದಂತಾಯಿತು. ಸವಣೂರಿಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಅವಳನ್ನು ನೋಡಿ ಹೊರಗೆ ಬಂದು ಕೇಳಿದ್ದು ಒಂದೇ ಮಾತು.

“ಈಕಿ ಅರಿಬಿ ಎಲ್ಲೆ ಒಣಗಸ್ತಾಳ?”

ಅವ್ವ ನೆಲ ನೋಡಿ “ನೆರಳಾಗ್ರಿ” ಎಂದಳು. ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಸ್ವಂತ ಕೆಲಸ ಹಿಡಿದ ಮೇಲೆ ನಾನೊಂದು ಪದ್ಧತಿ ಇಟ್ಟುಕೊಂಡೆ. ಮಾಳಿಗೆಯ ಮೇಲಿನ ಕಂಬಕ್ಕೆ ಕಾಂಕ್ರೀಟು ಸುರಿಯುವ ಮುಂಚೆ, ಉಳಿದ ರಾಡಿನ ತುಂಡನ್ನು ಬಗ್ಗಿಸಿ ಬಟ್ಟೆಯ ಹಗ್ಗಕ್ಕೆ ಕೊಂಡಿ ಮಾಡಿ, ಒಳಗಿನ ರಾಡಿಗೇ ತಂತಿಯಿಂದ ಬಿಗಿಯುತ್ತೇನೆ. ಕಾಂಕ್ರೀಟು ಕಚ್ಚಿಕೊಂಡಿತೆಂದರೆ ಎತ್ತು ಕಟ್ಟಿದರೂ ಅಲುಗುವುದಿಲ್ಲ. ತೆಂಕಲಿಂದ ಬಡಗಲಿಗೆ ಹಗ್ಗ ಬರಬೇಕು, ಮುಂಜಾನೆ ಒಂದು ಮೈಗೆ ಬಿಸಿಲು, ಮಧ್ಯಾಹ್ನದ ಮೇಲೆ ಇನ್ನೊಂದು ಮೈಗೆ. ಎಷ್ಟು ಎತ್ತರ ಬೇಕೆಂದು ಯಜಮಾನನನ್ನಲ್ಲ, ಮನೆಯ ಹೆಣ್ಣುಮಕ್ಕಳನ್ನು ಕೇಳುತ್ತೇನೆ. ಅವರ ಕೈ ಎಟುಕಬೇಕಲ್ಲ.

ಎರಡು ವರ್ಷದ ಹಿಂದೆ ಶಿಗ್ಗಾಂವಿಯ ಹೊಸ ಲೇಔಟಿನಲ್ಲಿ ಒಬ್ಬ ಗೊಬ್ಬರದಂಗಡಿಯವರ ಮನೆ ಕಟ್ಟುತ್ತಿದ್ದೆ. ಮನೆಯಲ್ಲಿ ಯಜಮಾನರು, ಅವರ ಮಗ, ಸೊಸೆ. ಮಗ ತಂದೆಯ ಮುಂದೆ ಬಾಯಿ ತೆರೆಯುವವನಲ್ಲ. ಒಂದು ದಿನ ಸೊಸೆ ಚಹಾ ತಂದವಳು ತಾನಾಗಿಯೇ ಕೇಳಿದಳು, ಸಣ್ಣ ದನಿಯಲ್ಲಿ.

“ಅಣ್ಣಾರ, ಮ್ಯಾಲ ಬಿಸಲಾಗ ಒಂದು ಹಗ್ಗ ಕಟ್ಟಾಕ ಬರೂವಂಗ ಮಾಡ್ತೀರೇನ್ರಿ? ಈಗಿರೂ ಬಾಡಿಗಿ ಮನ್ಯಾಗ ಬಚ್ಚಲದ ಬಾಜೂಕ ಹಾಕತೇನ್ರಿ. ಒಣಗೂದ ಇಲ್ಲ.”

ಹಸಿ ಬಟ್ಟೆ ತೊಟ್ಟು ತೊಟ್ಟು ಅವಳ ಮುಂಗೈ ಬೆಳ್ಳಗೆ ನಂಜೇರಿತ್ತು. ನಾನು ಮಾತು ಕೊಟ್ಟೆ. ಮರುದಿನವೇ ಎರಡು ಕಂಬಕ್ಕೆ ಎರಡು ಕೊಂಡಿ ಕೂಡಿಸಿದೆ.

ಹಲಗೆ ಬಿಚ್ಚಿದ ದಿನ ಯಜಮಾನರು ಮೇಲೆ ಬಂದರು. ಕೊಂಡಿ ನೋಡಿ ಇದೇನು ಎಂದರು. ಹೇಳಿದೆ. ಮುಖ ಗಂಟು ಹಾಕಿದರು. ಮುಂದಿನ ಎಲಿವೇಶನ್ನಿಗೆ, ಮನೆಯ ಮುಖದ ಚಂದಕ್ಕೆ, ತಾವು ಎಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದೇವೆಂದು ಹೇಳಿದರು. ಒಣಗಿಸುವ ಮಶೀನು ತರುವವರಿದ್ದೇವೆ, ಹಗ್ಗದ ಕಾಲ ಹೋಯಿತು ಎಂದರು. ಮಶೀನು ತರಲಿ, ಬೇಡ ಎನ್ನಲಿಕ್ಕೆ ನಾನ್ಯಾರು? ಆದರೆ ಒಳಗಿನ ಮಾತು ಆಮೇಲೆ ಬಂತು.

“ದಿನಾ ಮುಂಜಾನೆ ನಾ ಇಲ್ಲೆ ಸೂರ್ಯಗ ನೀರ ಬಿಡಾಕ ಬರ್ತೇನಿ. ಸೊಸಿ ಸೀರಿ ಕೆಳಗ ಹಾಯಲೇನ? ಮನಿ ಮನಿಯಂಗ ಕಾಣಬೇಕಪಾ, ದೋಬಿಘಾಟ ಕಂಡಂಗ ಅಲ್ಲ. ಕೊಯ್ದ ಹಾಕ ಅವನ್ನ.”

ನನ್ನ ಕಿವಿ ಕಾದವು. “ನಿಮ್ಮ ಧೋತರದ ಕೆಳಗ ನಿಮ್ಮ ಸೊಸಿ ಹಾಯಬೌದೇನ್ರಿ?” ಎಂದುಬಿಟ್ಟೆ.

ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದವರು ಕೆಲಸ ನಿಲ್ಲಿಸಿ ಮೇಲೆ ನೋಡಿದರು. ಯಜಮಾನರು ನಿನಗೆ ಸಾಲಿ ಕಲಿಸಿದವರು ಯಾರು ಎಂದರು. ಏಳನೆಯದೂ ದಾಟಿಲ್ಲ, ಯಾರೂ ಕಲಿಸಿಲ್ಲ ಎಂದೆ.

“ನಾ ಕೂಡ್ಸಿದ್ದು ನಾ ಕೊಯ್ಯಂಗಿಲ್ರಿ. ಬ್ಯಾರೇದಾರನ್ನ ಕರಸ್ಕೋರಿ.”

ಕರೆಸಿಕೊಂಡರು. ಗೋಡೆಗೆ ಹಚ್ಚುವ ಗಿಲಾವು, ಕಂಪೌಂಡು, ಮೇಲಿನ ಎರಡು ಕೋಣೆ, ಎಲ್ಲ ಕೆಲಸ ಬೇರೆಯವನ ಪಾಲಾಯಿತು. ಥಾಪಿ, ಸಿಮೆಂಟಿನ ಬಾಂಡ್ಲಿ ತಗೊಂಡು ಇಳಿಯುವಾಗ ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಸಲುವಾಗಿ ಕೆಲಸ ಕಳಕೊಂಡ್ರಿ ಎಂದಳು. ಇಲ್ಲವ್ವ, ನಿನ್ನ ಸಲುವಾಗಿ ಅಲ್ಲ ಎಂದೆ. ಅದು ನಿಜ.

ಹೋದ ಬೇಸಿಗೆಯಲ್ಲಿ ಅದೇ ಲೇಔಟಿನಲ್ಲಿ ಇನ್ನೊಂದು ಮನೆಯ ಕೆಲಸ ಬಂತು. ಮಧ್ಯಾಹ್ನ ಊಟಕ್ಕೆ ಕೂತಾಗ ಆ ಮನೆ ಎದುರಿಗೇ ಕಂಡಿತು. ಮಾಳಿಗೆಯ ಕಂಬದ ಬಿಳಿ ಬಣ್ಣದ ಮೇಲೆ ತುಕ್ಕಿನ ಕೆಂಪು ಗೆರೆ ಇಳಿದಿತ್ತು. ಕೊಂಡಿ ಕೊಯ್ದವ ಕಬ್ಬಿಣ ಕೊಯ್ಯುವ ಗ್ರೈಂಡರನ್ನು ಕಂಬಕ್ಕೆ ಹತ್ತಿಸಿ ಹಿಡಿಯಲು ಅಂಜಿ, ಎರಡು ಬೆರಳಿನಷ್ಟು ಮೊಂಡು ಬಿಟ್ಟಿದ್ದ. ಕಳ್ಳಕೆಲಸ. ಆ ಮೊಂಡುಗಳಿಗೆ ಒಂದು ತೆಳ್ಳನೆಯ ಹಗ್ಗ ಬಿಗಿದಿತ್ತು. ಅದರ ಮೇಲೆ ಹಸಿರು ಸೀರೆ, ಎರಡು ಲಂಗ, ಒಳಗಿನ ಚಿಕ್ಕ ಬಟ್ಟೆಗಳು, ಯಾವುದನ್ನೂ ಮುಚ್ಚದೆ, ಬಿಸಿಲಿಗೆ.

ಬಟ್ಟೆ ತೆಗೆಯಲು ಬಂದ ಸೊಸೆ ನನ್ನನ್ನು ಗುರುತು ಹಿಡಿದು ಮೇಲಿನಿಂದಲೇ ನಕ್ಕಳು. ಮಶೀನು ಬಂತೇನವ್ವ ಎಂದು ಕೇಳಿದೆ.

“ಬಂದೈತ್ರಿ ಅಣ್ಣಾರ. ಕರೆಂಟ ಬಾಳ ತಿಂತೈತಂತ ಮಾವಾರು ಹೊದಿಕಿ ಹಾಕಿ ಇಟ್ಟಾರ. ಅವರು ಅಂಗಡಿಗೆ ಹ್ವಾದಮ್ಯಾಗ ಹಗ್ಗ ಕಟ್ಟತೇನ್ರಿ. ಬರೂದ್ರಾಗ ಬಿಚ್ಚತೇನಿ.”

ದಿನಾಲೂ ಎಂದು ಕೇಳಿದೆ. ದಿನಾಲೂ ಎಂದಳು. ಹಗ್ಗಕ್ಕೆ ಚಾಚಿದ ಅವಳ ಮುಂಗೈಯಲ್ಲಿ ಬಿಳಿ ನಂಜು ಕಾಣಲಿಲ್ಲ.

ನನಗೆ ಖುಷಿಯಾಗಬೇಕಾಗಿತ್ತು. ಆಗಲಿಲ್ಲ. ಅರ್ಧ ತಿಂದ ರೊಟ್ಟಿ ಸುತ್ತಿ ಬದಿಗಿಟ್ಟೆ. ಊರಿಗೆಲ್ಲ ಪುಕ್ಕಟೆ ಬೀಳುವ ಬಿಸಿಲು. ಅದನ್ನು ಒಬ್ಬ ಹೆಣ್ಣುಮಗಳು ತನ್ನ ಸ್ವಂತ ಮನೆಯ ಮೇಲೆ ಕದ್ದು ತಗೋಬೇಕು. ಮಾವನ ಬೈಕಿನ ಸಪ್ಪಳಕ್ಕೆ ಕಿವಿಗೊಟ್ಟು ಗಂಟು ಬಿಚ್ಚಬೇಕು. ನಮ್ಮ ಅಕ್ಕನ ಕೊಟ್ಟಿಗೆಯ ಸಂದಿಗೂ ಈ ಎಲಿವೇಶನ್ ಮನೆಗೂ ಏನು ಫರಕು?

ಅವತ್ತು ಕೆಲಸ ಮುಗಿಸಿ ಸೀದಾ ಹಿರೇಬೆಂಡಿಗೇರಿಗೆ, ಅಕ್ಕನ ಮನೆಗೆ ಹೋದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಲಂಗದ ಮಾತು ತೆಗೆದೆ, ತಪ್ಪಾಯಿತು ಎಂದೆ. ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಅದು ಹೊಸಾ ಲಂಗ ಇತ್ತು” ಎಂದಳು. ಅಷ್ಟೇ.

ಈಗ ನನ್ನ ಹತ್ತಿರ ಇರುವುದು: ಎರಡು ಕೋಣೆಯ ಮನೆ, ಮೂರು ಥಾಪಿ, ಒಂದು ಓಳಂಬ, ನಡೆದಿರುವ ಒಂದು ಕೆಲಸ. ಮಾಳಿಗೆಯ ಮೇಲೆ ನಾಲ್ಕು ಕೊಂಡಿ, ಎರಡು ಹಗ್ಗ. ಹಗ್ಗದ ಮೇಲೆ ಇವತ್ತು ಹೆಂಡತಿಯ ಎರಡು ಸೀರೆ, ಮಗಳ ಒಂದು ಚೂಡಿದಾರ, ಮೂರು ಲಂಗ, ನನ್ನ ಒಂದು ಲುಂಗಿ.