ಕೊನೆಯ ಮೇಜು

ನನ್ನ ಗಂಡನ ಅಕ್ಕ, ಅಂದರೆ ನಮ್ಮ ಅತ್ತಿಗೆ, ಕಬ್ಬಿಣದ ತೊಟ್ಟಿಲು ಮಾಡುವ ಕಾರ್ಖಾನೆಯಲ್ಲಿ ತಪಾಸಣೆಗೆ ಕೂರುತ್ತಿದ್ದರು. ಅಲ್ಲಿ ಎರಡು ಮೇಜು. ಮೊದಲನೆಯದು ಬೆಸುಗೆಯವರ ಪಕ್ಕ, ಕಿಡಿ ಹೊಗೆಗಳ ನಡುವೆ. ಅಲ್ಲಿ ಅತ್ತಿಗೆಯ ಗೆಳತಿ, ಎಲ್ಲರ ಬಾಯಲ್ಲಿ 'ಚಮಚದಕ್ಕ', ಬರಿಯ ಚೌಕಟ್ಟಿಗೆ ಕಿವಿ ಹಚ್ಚಿ ಚಮಚದಿಂದ ಬಡಿಯುತ್ತಿದ್ದಳು. ಠಣ್ ಎಂದರೆ ಬೆಸುಗೆ ಗಟ್ಟಿ. ಡಬ್ ಎಂದರೆ ಒಳಗೆ ಬಿರುಕು. ಇನ್ನೊಂದು ಮೇಜು ಸಾಲಿನ ಕೊನೆಗೆ, ಫ್ಯಾನಿನ ಕೆಳಗೆ. ಮೆತ್ತೆ ಹೊದಿಸಿ ಹೊಲಿದು ಬಂದ ತೊಟ್ಟಿಲನ್ನು ಅತ್ತಿಗೆ ಅಲ್ಲಿ ತಿರುಗಿಸಿ ನೋಡಿ, ತಮ್ಮ ಸಹಿಯ ಚೀಟಿ ಅಂಟಿಸುತ್ತಿದ್ದರು.

ಒಂದು ದಿನ ಮಾಲೀಕ ಬಂದು, "ಎರಡು ಮೇಜು ಯಾಕಮ್ಮ? ಒಂದು ಸಾಕು. ಯಾವ್ದಿರ್ಬೇಕು, ನೀನೇ ಹೇಳು," ಎಂದ. ಚಮಚದಕ್ಕ ಅಲ್ಲೇ ನಿಂತಿದ್ದಳು.

ಮೆತ್ತೆ ಹೊದಿಸಿದ ಮೇಲೆ ಬಿರುಕಿನ ಸದ್ದು ಕೇಳಿಸದು ಎಂಬುದು ಅತ್ತಿಗೆಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲ ಮೇಜು ಉಳಿದರೆ ತಮ್ಮ ಕುರ್ಚಿ ಹೋಗುತ್ತಿತ್ತು.

"ಕೊನೇದೇ ಇರ್ಲಿ ಸಾರ್. ಎಲ್ಲರ ತಪ್ಪೂ ಒಂದೇ ಕಡೆ ಸಿಗುತ್ತೆ."

"ನನ್ನ ಹೊಟ್ಟೆ ಮೇಲೆ ಹೊಡೆದೆ, ಸರಿ ಕಣೇ," ಎಂದಳು ಚಮಚದಕ್ಕ. "ಆ ತೊಟ್ಟಿಲಲ್ಲಿ ಮಲಗೋರು ಯಾರು, ನಿನ್ನ ಈ ಸಾರ್ ಏನು?"

ಮಾಲೀಕ ನಕ್ಕುಬಿಟ್ಟ. ಅತ್ತಿಗೆಯೂ ಜೊತೆಗೆ ನಕ್ಕರಂತೆ.

ನನಗೆ ಮಗು ಹುಟ್ಟಿದಾಗ ಅತ್ತಿಗೆ ಆ ಕಾರ್ಖಾನೆಯದೇ ತೊಟ್ಟಿಲು ತಂದುಕೊಟ್ಟರು. ನಾನೋ ಮೊದಲೇ ಪುಕ್ಕಲಿ. ಮಗು ಸೀನಿದರೂ ಡಾಕ್ಟರಿಗೆ ಫೋನು ಮಾಡುವವಳು. ಅವರ ಚೀಟಿ ನೋಡಿ ನಿಶ್ಚಿಂತೆಯಿಂದ ಮಲಗಿಸಿದೆ.

ಆಮೇಲೆ ಅಂಗಡಿಯೊಂದರಲ್ಲಿ ಗಿರಾಕಿಯ ಕಣ್ಣೆದುರೇ ಒಂದು ತೊಟ್ಟಿಲಿನ ಕಾಲು ಕಳಚಿತು. ಪುಣ್ಯಕ್ಕೆ ಖಾಲಿಯಿತ್ತು. ಮಾಲೀಕ ಚಮಚದಕ್ಕನನ್ನು ಮತ್ತೆ ಕರೆಸಿ ಕುರ್ಚಿ ಕೊಟ್ಟ; ಗೋದಾಮಿನ ತೊಟ್ಟಿಲುಗಳ ಮೆತ್ತೆ ಬಿಚ್ಚಲು ಅತ್ತಿಗೆಯನ್ನು ಅವಳ ಕಾಲ ಬಳಿ ನೆಲದ ಮೇಲೆ ಕೂರಿಸಿದ. ಡಬ್ ಎಂದಾಗಲೆಲ್ಲ ಚಮಚದಕ್ಕ, "ತಗೊಳ್ಳಮ್ಮ, ನಿನ್ನ ಚೀಟಿ ಕಿತ್ಕೋ. ಜೋಪಾನ, ಉಗುರು ಮುರಿದೀತು," ಅನ್ನುವಳು. ಬೆಸುಗೆಯವರು ಕೆಲಸ ಬಿಟ್ಟು ಬಂದು ನಗುವರು. ಮೆತ್ತೆ ಬಿಚ್ಚುವುದು ಮುಗಿದ ಸಂಜೆ ಅತ್ತಿಗೆಯ ನೌಕರಿಯೂ ಮುಗಿಯಿತು.

ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ಮಲಗಿದ್ದ ಮಗುವನ್ನೆತ್ತಿ ನನ್ನ ಕೈಗಿಟ್ಟು, ಕತ್ತರಿಯಿಂದ ಮೆತ್ತೆ ಸೀಳಿ, ಅಡುಗೆಮನೆಯ ಚಮಚದಿಂದ ಬಡಿದರು.

ಡಬ್.

ಮಗುವನ್ನು ಅವಚಿಕೊಂಡು ನಾನು ಹಿಂದೆ ಸರಿದೆ. ಅತ್ತಿಗೆ ನನ್ನತ್ತ ಕೈ ಚಾಚಿದರು. ಒಲೆಯ ಬಳಿಯಿದ್ದ ನಮ್ಮತ್ತೆ, ಅವರನ್ನು ಹೆತ್ತ ತಾಯಿ, ಆ ಕೈಯಿಂದ ಚಮಚ ಕಸಿದುಕೊಂಡರು.

"ಕೊನೇಲಾದ್ರೂ ನೋಡಿದ್ಯಲ್ಲ ತಾಯಿ, ದೊಡ್ಡ ಉಪಕಾರ ಆಯ್ತು. ನಡಿ, ಬಾಗಿಲು ಆ ಕಡೆ."